ಈಗ ಯಾರ ಡ್ಯೂಟಿ?

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ವಾರ್ಡಿನಲ್ಲಿ ನನ್ನನ್ನು ಕಂಡವರು ಯಾರೂ ನಂಬುವುದಿಲ್ಲ. ಅಲ್ಲಿ ನನ್ನ ಬಾಯಿ ಜೋರು. ರೋಗಿಯ ಮಂಚದ ಮೇಲೆ ಕಾಲು ಚಾಚಿ ಕೂತ ನೆಂಟರನ್ನು ಎಬ್ಬಿಸಿ ಹೊರಗೆ ಅಟ್ಟುವುದಕ್ಕೆ, ಕುಡಿದು ಬಂದು ಕೂಗಾಡುವವನನ್ನು ಸುಮ್ಮನಾಗಿಸುವುದಕ್ಕೆ ನನ್ನನ್ನೇ ಕರೆಯುತ್ತಾರೆ. ಆದರೆ ಮನೆಗೆ ಬಂದು ಚಪ್ಪಲಿ ಬಿಟ್ಟ ಗಳಿಗೆಯಿಂದ ನನ್ನ ಕಿವಿ ನನ್ನ ಮಾತು ಕೇಳುವುದಿಲ್ಲ, ಮಗಳ ಹಿಂದೆಯೇ ಹೋಗಿಬಿಡುತ್ತದೆ. ಒಳಗೆ ಒಂದು ಲೋಟ ಬಿದ್ದರೆ ಎದೆ ಧಸಕ್ಕೆನ್ನುತ್ತದೆ. ಏನೂ ಬೀಳದೆ ಎಲ್ಲ ಸುಮ್ಮನಿದ್ದರೆ ಇನ್ನೂ ಜಾಸ್ತಿ ಹೆದರಿಕೆಯಾಗುತ್ತದೆ.

ಮಗಳಿಗೆ ಫಿಟ್ಸ್ ಇದೆ. ಮೊದಲ ಸಲ ಬಂದಾಗ ಎಲ್‌ಕೆಜಿಯಲ್ಲಿದ್ದಳು, ಪ್ರಾರ್ಥನೆಗೆ ನಿಂತ ಜಾಗದಲ್ಲೇ ಬಿದ್ದಳಂತೆ. ಸ್ಕೂಲಿನವರು, ಪೂರ್ತಿ ವಾಸಿಯಾದ ಮೇಲೆ ಕಳಿಸಿ ಎಂದು ಕೈತೊಳೆದುಕೊಂಡರು. ವಾಸಿಯಾಗುವುದಕ್ಕೆ ಅದೇನು ನೆಗಡಿಯೇ? ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಸಿರಪ್ ಕೊಡಬೇಕು, ಒಂದು ಹೊತ್ತೂ ತಪ್ಪಿಸಬಾರದು ಎಂದರು ಡಾಕ್ಟರು. "ನಿಮಗೆ ಹೇಳಬೇಕಾ ಸಿಸ್ಟರ್" ಎಂದು ನಕ್ಕರು ಕೂಡ. ನನಗೆ ಹೇಳಬೇಕಾಗಿರಲಿಲ್ಲ. ಔಷಧಿ ತಪ್ಪಿಸಿದವರು ಎಂಥ ಸ್ಥಿತಿಯಲ್ಲಿ ಬರುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡವಳು.

ಕೆಲಸ ಬಿಟ್ಟುಬಿಡುವುದೆಂದು ತೀರ್ಮಾನಿಸಿ ಹೆಡ್ ಸಿಸ್ಟರ್ ಮುಂದೆ ಹೋಗಿ ನಿಂತೆ. ಅಲ್ಲಿ ಇನ್ನೊಬ್ಬಳು ಆಗಲೇ ನಿಂತಿದ್ದಳು. ನಮ್ಮ ಬೀದಿಯವಳೇ, ನನಗಿಂತ ಸ್ವಲ್ಪ ದೊಡ್ಡವಳು, ನಾನು ಅಕ್ಕ ಎನ್ನುತ್ತೇನೆ. ಅವಳ ಮಗ ಆಗಷ್ಟೇ ನಡೆಯಲು ಕಲಿತಿದ್ದ. ಅವನನ್ನು ನೋಡಿಕೊಳ್ಳುತ್ತಿದ್ದ ಅತ್ತೆ ತೀರಿಕೊಂಡಿದ್ದರು. ಗಂಡ ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಕ್ಯಾಬ್ ಓಡಿಸುವವನು, ಮನೆಗೆ ಬರುವುದಕ್ಕೆ ಹೊತ್ತು ಗೊತ್ತಿಲ್ಲ. ನನ್ನವರು ನೆಲಮಂಗಲದ ಗೋಡೌನಿನಲ್ಲಿ, ಒಳಗೆ ಹೋದರೆ ಫೋನೂ ಇಲ್ಲ. ಹೆಡ್ ಸಿಸ್ಟರ್ ಇಬ್ಬರ ಕಥೆಯನ್ನೂ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಬ್ರೂ ಹೋಗ್ಬಿಟ್ರೆ ನಾನೇನು ವಾರ್ಡಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಲಾ? ಒಂದು ಕೆಲ್ಸಾನ ಇಬ್ರೂ ಹಂಚ್ಕೊಳ್ರಮ್ಮ. ಬೆಳಿಗ್ಗೆ ಒಬ್ಳು, ಮಧ್ಯಾಹ್ನದಿಂದ ಒಬ್ಳು. ವಾರಕ್ಕೊಂದ್ಸಲ ಬದಲಾಯಿಸ್ಕೊಳ್ಳಿ. ಇಲ್ಲಿಲ್ದೆ ಇರೋಳು ಎರಡು ಮಕ್ಳನ್ನೂ ನೋಡ್ಕೊಳ್ಳಿ. ಸಂಬಳ ಅರ್ಧರ್ಧ. ಆಗುತ್ತೋ ಇಲ್ವೋ?"

ಆಗುತ್ತೆ ಎಂದೆವು. ದೊಡ್ಡಬಳ್ಳಾಪುರದಲ್ಲಿ ಇಂಥದ್ದನ್ನು ಯಾರೂ ಕೇಳಿರಲಿಲ್ಲ. ಮಿಕ್ಕ ನರ್ಸುಗಳು ನಮ್ಮನ್ನು ಜೋಡೆತ್ತು ಎಂದು ಆಡಿಕೊಂಡರು, ಅರ್ಧ ಸಿಸ್ಟರ್ ಎಂದರು. ಅನ್ನಲಿ ಬಿಡಿ. ಒಂದೇ ಲಾಕರು, ಒಂದೇ ಕತ್ತರಿ, ಒಂದೇ ಹಾಜರಿ. ಈಗಲೂ ಹಾಗೇ ನಡೆಯುತ್ತಿದೆ.

ಹಂಚಿಕೊಂಡ ಕೆಲಸದಲ್ಲಿ ಕಷ್ಟವಿರುವುದು ಕೆಲಸದಲ್ಲಲ್ಲ, ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಗಳಿಗೆಯಲ್ಲಿ. ಅದಕ್ಕೆ ಹೆಡ್ ಸಿಸ್ಟರ್ ಒಂದು ಪದ್ಧತಿ ಇಟ್ಟಿದ್ದರು. ಮಧ್ಯಾಹ್ನ ಇಬ್ಬರೂ ಪ್ರತಿ ಮಂಚದ ಹತ್ತಿರ ನಿಲ್ಲಬೇಕು. ಹೋಗುವವಳು ರೋಗಿಯ ವಿಷಯವನ್ನೆಲ್ಲ ಬಾಯಿಬಿಟ್ಟು ಹೇಳಬೇಕು: ಏನು ಕಾಯಿಲೆ, ಯಾವ ಔಷಧಿ ಕೊಟ್ಟಾಯ್ತು, ಯಾವುದು ಬಾಕಿ. ಆಮೇಲೆ ರೋಗಿಯ ಕೈಯನ್ನು ಬರುವವಳ ಕಡೆ ಚಾಚಬೇಕು. ಬರುವವಳು ಆ ಕೈ ಮುಟ್ಟಿ "ತಗೊಂಡೆ" ಅನ್ನಬೇಕು. ಆ ಮಾತು ಬರುವವರೆಗೆ ರೋಗಿ ಹೋಗುವವಳದೇ ಜವಾಬ್ದಾರಿ. ಅವಳಿಗೆ ಬಸ್ಸು ತಪ್ಪಲಿ, ಹೊಟ್ಟೆ ಚುರುಗುಟ್ಟಲಿ, ಕಾಲು ಕದಲಿಸುವ ಹಾಗಿಲ್ಲ. ಕೆಲವು ಅಜ್ಜಿಯರು ನಾವು ಬರುತ್ತಿದ್ದ ಹಾಗೇ ತಾವಾಗಿಯೇ ಕೈ ಚಾಚುತ್ತಿದ್ದರು. ಇಷ್ಟು ಅಚ್ಚುಕಟ್ಟಾಗಿ ನಾವು ಊರವರನ್ನೆಲ್ಲ ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದೆವು.

ಮಕ್ಕಳನ್ನು ಒಪ್ಪಿಸುತ್ತಿದ್ದದ್ದು ಗೇಟಿನಲ್ಲಿ. ಮಧ್ಯಾಹ್ನದ ಡ್ಯೂಟಿಗೆ ಬರುವವಳು ಇಬ್ಬರನ್ನೂ ಆಟೋದಲ್ಲಿ ಕರೆತಂದು, ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ವಾಚ್‌ಮ್ಯಾನ್ ಎದುರಿಗೆ ಕೂರಿಸುತ್ತಿದ್ದಳು. ವಾರ್ಡಿನ ಕೆಲಸ ಮುಗಿಸಿ ಇಬ್ಬರೂ ಹೊರಗೆ ಬರುತ್ತಿದ್ದೆವು. "ಊಟ ಆಯ್ತು, ಬ್ಯಾಗಲ್ಲಿ ಚಡ್ಡಿ ಇದೆ, ಹೊರಡು" ಎಂದರೆ ಮುಗಿಯಿತು. ಮಗಳು ಮಾತ್ರ ಬೆಂಚಿನಿಂದ ಇಳಿಯುವ ಮುಂಚೆ ದಿನಾ ಕೇಳುತ್ತಿದ್ದಳು: "ಈಗ ಯಾರ ಡ್ಯೂಟಿ?" ನಾನಾ, ಅವಳು ದೊಡ್ಡಮ್ಮ ಎನ್ನುವ ಅಕ್ಕನಾ, ಯಾರು ಒಳಗೆ ಹೋಗುವವರು, ಯಾರ ಜೊತೆ ತಾನು ಮನೆಗೆ ಹೋಗುವುದು ಎಂಬುದು ಅವಳಿಗೆ ಖಾತ್ರಿಯಾಗಬೇಕು. "ದೊಡ್ಡಮ್ಮಂದು ಕಣೇ" ಎಂದ ಮೇಲೆಯೇ ನನ್ನ ಬೆರಳು ಹಿಡಿಯುತ್ತಿದ್ದಳು. ವಾಚ್‌ಮ್ಯಾನ್ ನಗುತ್ತಿದ್ದ.

ಔಷಧಿಗೆ ನಮ್ಮಲ್ಲಿ ಒಂದೇ ನಿಯಮವಿತ್ತು. ಮಧ್ಯಾಹ್ನದ ಊಟ ಹಾಕಿದವಳೇ ಸಿರಪ್ಪನ್ನೂ ಹಾಕುವುದು. ಅದರಲ್ಲಿ ಗೊಂದಲಕ್ಕೆ ಜಾಗವೇ ಇರಲಿಲ್ಲ.

ನಾನು ಬೆಳಿಗ್ಗೆ ಡ್ಯೂಟಿಯಲ್ಲಿದ್ದ ಒಂದು ವಾರ ಮಗಳು ಹೊಸ ಹಠ ಹಿಡಿದಳು. ಊಟ ಅಮ್ಮನ ಜೊತೆಗೇ ಮಾಡಬೇಕು. ಅಕ್ಕ ಎಷ್ಟು ರಮಿಸಿದರೂ ನಾಲ್ಕು ತುತ್ತು ತಿಂದು ಬಾಯಿ ಬಿಗಿಹಿಡಿಯುತ್ತಿದ್ದಳು. ಸೋಮವಾರ ಗೇಟಿನಲ್ಲಿ ಅಕ್ಕ ಡಬ್ಬಿ ಕೈಗೆ ಕೊಟ್ಟು, "ಅರ್ಧ ತಿಂದವ್ಳೆ, ಮಿಕ್ಕಿದ್ದು ನಿನ್ಜೊತೆ ತಿಂತಾಳಂತೆ, ಮಹಾರಾಣಿ" ಎಂದಳು. ನನಗೋ ಒಳಗೊಳಗೇ ಸಂತೋಷ. ಆ ವಾರ ದಿನಾ ಹಾಗೇ ನಡೆಯಿತು. ಅರ್ಧ ಊಟ ಅಲ್ಲಿ, ಅರ್ಧ ಇಲ್ಲಿ. ಕೆಲಸ ಹಂಚಿಕೊಂಡ ಹಾಗೆಯೇ ಊಟವನ್ನೂ ಹಂಚಿಕೊಂಡುಬಿಟ್ಟೆವು, ಅಷ್ಟೇ.

ಗುರುವಾರ. ಮಕ್ಕಳಿಬ್ಬರನ್ನೂ ಒಳಕೋಣೆಯಲ್ಲಿ ಮಲಗಿಸಿ, ಒಣಗಿದ ಬಟ್ಟೆ ತರಲು ಮಹಡಿಗೆ ಹೋದೆ. ನಮ್ಮದು ಮಗ್ಗದ ಬೀದಿ. ಕೆಳಗಿನ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಎದುರು ಮನೆಯಲ್ಲಿ ಪವರ್‌ಲೂಮುಗಳು ಬೆಳಗಿನಿಂದ ಬಡಿಯುತ್ತಲೇ ಇರುತ್ತವೆ. ಹೊರಗಿನವರಿಗೆ ತಲೆ ಸಿಡಿಯುತ್ತದೆ, ನಮಗೆ ಅದು ಕೇಳಿಸುವುದೇ ಇಲ್ಲ. ಆದರೆ ಅದರ ಅಡಿಯಲ್ಲಿ ಬೇರೆ ಏನೂ ಕೇಳಿಸುವುದಿಲ್ಲ. ಅದೇ ನನ್ನ ಭಯ. ಬಟ್ಟೆ ತೆಗೆಯುತ್ತಾ ಎರಡು ಸಲ ಮೆಟ್ಟಿಲವರೆಗೆ ಬಂದು ಬಗ್ಗಿ ನೋಡಿ ಹೋದೆ. ಮಲಗಿದ್ದಾರೆ, ಸುಮ್ಮನಿರು ಎಂದು ನನಗೆ ನಾನೇ ಬೈದುಕೊಂಡೆ.

ಆಗ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆ ಮೌನದಲ್ಲಿ ಒಳಗಿನಿಂದ ಚಪ್ಪಾಳೆ ಕೇಳಿಸಿತು. ಅಕ್ಕನ ಮಗ ಕೇಕೆ ಹಾಕಿ ನಗುತ್ತಾ ಚಪ್ಪಾಳೆ ತಟ್ಟುತ್ತಿದ್ದ. ಮಗು ನಗುವುದನ್ನು ಕೇಳಿ ಯಾರಾದರೂ ಹೆದರುತ್ತಾರೆಯೇ? ನಾನು ಹೆದರಿದೆ. ಬಟ್ಟೆ ಎಲ್ಲಿ ಎಸೆದೆನೋ ಗೊತ್ತಿಲ್ಲ, ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ.

ಮಗಳು ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲೆ ಬಿದ್ದು ಅದುರುತ್ತಿದ್ದಳು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಬಾಯಲ್ಲಿ ನೊರೆ. ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು, ಅವನು ಅದರ ತಾಳಕ್ಕೆ ಚಪ್ಪಾಳೆ ತಟ್ಟುತ್ತಿದ್ದ, ಅವಳು ತನ್ನನ್ನು ಆಡಿಸುತ್ತಿದ್ದಾಳೆ ಎಂದುಕೊಂಡು.

ಎಷ್ಟೋ ಜನರ ಫಿಟ್ಸ್ ನೋಡಿದ ನನಗೆ ಆ ಕ್ಷಣ ಒಂದೂ ನೆನಪಾಗಲಿಲ್ಲ. ಕೈ ಮಾತ್ರ ತಾನಾಗಿ ಕೆಲಸ ಮಾಡಿತು. ಎಡಮಗ್ಗುಲಿಗೆ ತಿರುಗಿಸಿದೆ, ನೊರೆ ಒರೆಸಿದೆ, ತಲೆಯ ಕೆಳಗೆ ಅಂಗೈ ಇಟ್ಟೆ. ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಕೆಳಗಿನ ಮಗ್ಗದ ಮನೆಯ ಅಜ್ಜಿ ಬೀಗದ ಕೈ ಗೊಂಚಲು ಹಿಡಿದು ಓಡಿಬಂದರು. "ಕೈಗೆ ಕಬ್ಬಿಣ ಕೊಡಮ್ಮಾ, ಕಬ್ಬಿಣ ಕೊಡು!"

"ಕಬ್ಬಿಣ ಬ್ಯಾಡ ಅಜ್ಜಿ, ಆಟೋ ಕೂಗಿ! ಆಟೋ!" ಎಂದು ಅರಚಿದೆ. ಆ ಅಜ್ಜಿಯ ಮೇಲೆ ಅಷ್ಟು ಜೋರಾಗಿ ಎಂದೂ ಕೂಗಿರಲಿಲ್ಲ.

ಆಟೋದಲ್ಲಿ ಮಗಳು ತೊಡೆಯ ಮೇಲೆ, ಅಕ್ಕನ ಮಗ ಕಂಕುಳಲ್ಲಿ. ಅವನೂ ಈಗ ಹೆದರಿ ಅಳುತ್ತಿದ್ದ. ಸರ್ಕಲ್ಲಿನಲ್ಲಿ ಲಾರಿಗಳ ಸಾಲು ನಿಂತುಬಿಟ್ಟಿತ್ತು. ಡ್ರೈವರು ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. "ಅಣ್ಣಾ ಬಿಡ್ರಣ್ಣಾ, ಮಗು ಐತೆ!" ಎಂದು ಹೊರಗೆ ತಲೆ ಹಾಕಿ ಕೂಗಿದ. ನಾನು ಮಗಳ ತುಟಿಯನ್ನೇ ನೋಡುತ್ತಿದ್ದೆ. ಅದು ನೀಲಿಗೆ ತಿರುಗುತ್ತಿತ್ತು. ಅಯ್ಯೋ ಶಿವನೇ, ಕೆಲಸ ಬಿಟ್ಟು ಮನೆಯಲ್ಲಿರು ಎಂದು ಎಲ್ಲರೂ ಹೇಳಿದ್ದರಲ್ಲ ಎಂದು ಅನಿಸಿತು. ಆಮೇಲೆ ಅನಿಸಿತು, ನಾನು ಮನೆಯಲ್ಲೇ ಇದ್ದೆನಲ್ಲ.

ಗೇಟಿನಲ್ಲಿ ವಾಚ್‌ಮ್ಯಾನ್ ನಮ್ಮನ್ನು ನೋಡಿದವನೇ ಒಳಗೆ ಓಡಿದ. ನಾನು ಬಾಗಿಲು ದಾಟುವಷ್ಟರಲ್ಲಿ ಅಕ್ಕ ಎದುರಿಗೆ ಬಂದು ಮಗಳನ್ನು ನನ್ನ ಕೈಯಿಂದ ಎತ್ತಿಕೊಂಡಳು. ತನ್ನ ಮಗ ಅಳುತ್ತಾ ಕೈಚಾಚಿದ್ದನ್ನು ಅವಳು ನೋಡಲೇ ಇಲ್ಲ. ಆಕ್ಸಿಜನ್ ಹಾಕಿದಳು. ನರ ಸಿಗದೆ ಮೊದಲ ಸಲ ಸೂಜಿ ಜಾರಿತು. ಎರಡನೇ ಸಲ ಕೂತಿತು. ಡ್ಯೂಟಿ ಡಾಕ್ಟರು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಕಾಲಿನ ಅದುರು ನಿಧಾನವಾಯಿತು, ಆಮೇಲೆ ನಿಂತಿತು. ಮಗಳು ಹಿಂಡಿ ಹಾಕಿದ ಬಟ್ಟೆಯ ಹಾಗೆ ಬಿದ್ದುಕೊಂಡಳು.

"ಮಧ್ಯಾಹ್ನದ ಡೋಸ್ ಕೊಟ್ಟಿದ್ರಾ?" ಎಂದರು ಡಾಕ್ಟರು.

"ಅಕ್ಕ ಕೊಟ್ಟಿದ್ದಾಳೆ," ಎಂದೆ ನಾನು.

"ಇವ್ಳು ಕೊಟ್ಟಿದ್ದಾಳೆ," ಎಂದಳು ಅವಳು.

ಎರಡೂ ಮಾತು ಒಟ್ಟಿಗೇ ಬಂದವು. ಡಾಕ್ಟರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. "ಸಿಸ್ಟರ್, ಕೊಟ್ಟಿದೀರೋ ಇಲ್ವೋ? ಅದರ ಮೇಲೆ ನಾನು ಮುಂದಿನ ಔಷಧಿ ಹಾಕ್ಬೇಕು."

ನಾನು ಅಕ್ಕನ ಕಡೆ ತಿರುಗಿದೆ. "ಅಕ್ಕಾ, ನೀನು ಊಟ ಶುರು ಮಾಡ್ಸೋವಾಗ್ಲೇ ಕೊಡ್ತಿದ್ಯಲ್ಲಾ?"

"ಊಟ ಮುಗಿಸ್ದೋಳು ನೀನಲ್ವೇನೇ? ಹೊಟ್ಟೆ ತುಂಬಿದ್ಮೇಲೆ ಕೊಡ್ತೀಯ ಅಂತ..." ಅವಳು ಅಷ್ಟಕ್ಕೇ ನಿಲ್ಲಿಸಿದಳು. ಆಮೇಲೆ ತುಂಬಾ ಸಣ್ಣ ದನಿಯಲ್ಲಿ ಕೇಳಿದಳು, "ನಿನ್ನೆ?"

ಇಲ್ಲವೆಂದು ತಲೆಯಾಡಿಸಿದೆ.

"ಮೊನ್ನೆ?"

ಸೋಮವಾರದಿಂದ ನನ್ನ ಮಗುವಿಗೆ ಮಧ್ಯಾಹ್ನದ ಔಷಧಿ ಬಿದ್ದಿರಲಿಲ್ಲ. ಬಾಟಲಿ ಊಟದ ಬ್ಯಾಗಿನಲ್ಲೇ ನಮ್ಮಿಬ್ಬರ ಕೈ ಬದಲಾಗುತ್ತಾ ಓಡಾಡಿತ್ತು. ಬೆಳಿಗ್ಗೆ, ರಾತ್ರಿ ನಾನು ಕೊಡುತ್ತಿದ್ದರಿಂದ ಅದರೊಳಗಿನದು ಕಮ್ಮಿಯಾಗುತ್ತಲೂ ಇತ್ತು. ಇಬ್ಬರು ನರ್ಸುಗಳು ಅದನ್ನು ದಿನಾ ಕಂಡಿದ್ದೆವು. ಡಾಕ್ಟರು ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೇರೆ ಡ್ರಿಪ್ ಹಾಕಲು ಹೇಳಿ ಹೋದರು.

ಆ ಹೊತ್ತಿಗೆ ಹೆಡ್ ಸಿಸ್ಟರ್ ಬಂದರು. ನಾನು ಡ್ರಿಪ್ ಬಾಟಲಿಗೆ ಕೈ ಹಾಕಿದ್ದೆ, ಅವರು ಕೈ ಸರಿಸಿದರು. "ನೀನು ಇವತ್ತು ಸಿಸ್ಟರ್ ಅಲ್ಲ, ಪೇಷಂಟ್ ಕಡೆಯೋಳು. ಆ ಸ್ಟೂಲ್ ಮೇಲೆ ಕೂತ್ಕೊ." ಯಾವ ಸ್ಟೂಲಿನ ಮೇಲೆ ಜನರನ್ನು ನಾನು ಗದರಿಸಿ ಕೂರಿಸುತ್ತಿದ್ದೆನೋ ಅದೇ ಸ್ಟೂಲಿನ ಮೇಲೆ ಕೂತೆ. ಅಕ್ಕನ ಮಗನನ್ನು ಆಯಾ ಎತ್ತಿಕೊಂಡು ಹೋದಳು.

ಸ್ವಲ್ಪ ಹೊತ್ತಾದ ಮೇಲೆ ಮಗಳು ಒಮ್ಮೆ ಕಣ್ಣು ಬಿಟ್ಟಳು. ನಾನು ಮುಖದ ಹತ್ತಿರ ಬಾಗಿ ಕೂಗಿದೆ. ನನ್ನನ್ನು ದಾಟಿ ಗೋಡೆ ನೋಡಿದಳು. ಗುರುತೇ ಇರಲಿಲ್ಲ ಆ ಕಣ್ಣಲ್ಲಿ. ಡಾಕ್ಟರು ಬಂದು ಎರಡೂ ಕೈ ಎತ್ತಿ ಬಿಟ್ಟರು. ಎಡಗೈ ನಿಧಾನವಾಗಿ ಇಳಿಯಿತು. ಬಲಗೈ ಧಪ್ಪನೆ ಹಾಸಿಗೆಗೆ ಬಿತ್ತು. ಇನ್ನೊಂದು ಸಲ ಎತ್ತಿದರು. ಇನ್ನೊಂದು ಸಲ ಬಿತ್ತು.

"ಜಾಸ್ತಿ ಹೊತ್ತು ಫಿಟ್ಸ್ ಬಂದ್ರೆ ಕೆಲವರಿಗೆ ಹೀಗಾಗುತ್ತೆ. ಸಾಮಾನ್ಯವಾಗಿ ಸರಿಹೋಗುತ್ತೆ. ಸಾಯಂಕಾಲದವರೆಗೂ ನೋಡೋಣ, ಇಲ್ದಿದ್ರೆ ಬೆಂಗಳೂರಿಗೆ ಕಳಿಸಿ ಸ್ಕ್ಯಾನ್ ಮಾಡಿಸೋಣ," ಎಂದರು.

ಸರಿಹೋಗುತ್ತೆ ಎಂಬ ಮಾತನ್ನು ನಾನೇ ಎಷ್ಟು ತಾಯಂದಿರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಎಷ್ಟು ಸಲ ಸರಿಹೋಯಿತು, ಎಷ್ಟು ಸಲ ಹೋಗಲಿಲ್ಲ ಎಂಬುದೂ ನನಗೆ ಗೊತ್ತು. ಗೊತ್ತಿರುವುದೇ ದೊಡ್ಡ ಶಿಕ್ಷೆ. ಆ ಕೈಯಲ್ಲೇ ಅವಳು ಗೋಡೆಯ ತುಂಬಾ ಬಸ್ಸಿನ ಚಿತ್ರ ಗೀಚುತ್ತಿದ್ದಳು, ಅದಕ್ಕೆ ನನ್ನಿಂದ ಬೈಸಿಕೊಳ್ಳುತ್ತಿದ್ದಳು. ಇನ್ನು ಜನ್ಮದಲ್ಲಿ ಗೋಡೆ ವಿಷಯಕ್ಕೆ ಬೈಯುವುದಿಲ್ಲ, ಬೇಕಾದ್ದು ಗೀಚಲಿ, ಆ ಕೈ ಒಂದು ಸಲ ಎದ್ದರೆ ಸಾಕು ಎಂದು ಕಂಡ ಕಂಡ ದೇವರಿಗೆಲ್ಲ ಹೇಳಿಕೊಂಡೆ.

ಅಕ್ಕನ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಅವಳು ನಾಡಿ ನೋಡಲು ಹತ್ತಿರ ಬಂದಾಗಲೆಲ್ಲ ನಾನು ಮುಖ ತಿರುಗಿಸುತ್ತಿದ್ದೆ. ಅವಳು ಕೊಡಬೇಕಿತ್ತು. ಅವಳು ಕೇಳಬೇಕಿತ್ತು. ಆದರೆ ಅವಳೂ ನನ್ನ ಕಡೆ ನೋಡುತ್ತಿರಲಿಲ್ಲ. ಅವಳ ಮನಸ್ಸಿನಲ್ಲಿಯೂ ಇದೇ ಮಾತುಗಳು ನನ್ನ ಮೇಲೆ ಓಡುತ್ತಿವೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಊರವರ ಕೈಯನ್ನೆಲ್ಲ ಮುಟ್ಟಿ ತಗೊಂಡೆ ತಗೊಂಡೆ ಎಂದವರು ನಾವು, ಗೇಟಿನಲ್ಲಿ ಈ ಮಗುವಿನ ಮೇಲೆ ಒಂದು ದಿನವೂ ಆ ಮಾತು ಹೇಳಿರಲಿಲ್ಲ. ಮನೆಯ ಮಗುವಲ್ಲವೇ, ಯಾಕೆ ಬೇಕು ಎಂದುಕೊಂಡಿದ್ದೆವು.

ಬಿಸಿಲು ಇಳಿದು ಕಿಟಕಿಯಿಂದ ಹೋಯಿತು. ಗೋಡೌನಿಗೆ ಸುದ್ದಿ ಮುಟ್ಟಿ, ನನ್ನವರು ನೆಲಮಂಗಲದಿಂದ ಬಸ್ಸು ಹತ್ತಿದ್ದೇನೆ ಎಂದು ಫೋನು ಮಾಡಿದರು. ಏನಾಯ್ತು ಎಂದು ಕೇಳಿದ್ದಕ್ಕೆ, ಬನ್ನಿ ಎಂದಷ್ಟೇ ಹೇಳಿದೆ. ಅಕ್ಕ ಮಿಕ್ಕ ಮಂಚಗಳನ್ನು ನೋಡಿಕೊಂಡು ಬಂದು, ಕೊನೆಗೆ ಮಗಳ ಬಲಗಡೆ ಹಾಸಿಗೆಯ ಅಂಚಿನಲ್ಲಿ ಕೂತಳು. ನಾನು ಎಡಗಡೆ ಸ್ಟೂಲಿನಲ್ಲಿ. ನಮ್ಮಿಬ್ಬರ ನಡುವೆ ಅವಳು ಉಸಿರಾಡುತ್ತಿದ್ದಳು. ನಾನು ಆ ಬಲಗೈಯನ್ನು ನೋಡುತ್ತಿದ್ದೆ, ನೋಡಲು ಹೆದರುತ್ತಿದ್ದೆ.

ಮಗಳು ಮತ್ತೆ ಕಣ್ಣು ಬಿಟ್ಟಳು. ಮೊದಲು ಡ್ರಿಪ್ ನೋಡಿದಳು. ಆಮೇಲೆ ಅಕ್ಕನ ಬಿಳಿ ಕೋಟು ನೋಡಿದಳು. ತಲೆ ಹೊರಳಿಸಿ ನನ್ನನ್ನು ನೋಡಿದಳು, ಈ ಸಲ ನನ್ನನ್ನೇ. ಇಬ್ಬರೂ ಒಂದೇ ಕಡೆ ಇರುವುದು ಅವಳಿಗೆ ಸರಿಕಾಣಲಿಲ್ಲ. ತೊದಲುವ ನಾಲಿಗೆಯಲ್ಲಿ ಕೇಳಿದಳು: "ಈಗ ಯಾರ ಡ್ಯೂಟಿ?"

"ನಂದು," ಎಂದೆ ನಾನು.

"ನಂದು ಕಂದಾ," ಎಂದಳು ಅಕ್ಕ.

ಮತ್ತೆ ಇಬ್ಬರ ಮಾತೂ ಒಟ್ಟಿಗೇ ಬಿದ್ದವು. ಮಗಳು ಮುಖ ಸಿಂಡರಿಸಿದಳು. "ಒಬ್ರು ಹೇಳಿ," ಎಂದಳು.

ಆಗ ಅಕ್ಕ ನನ್ನ ಮುಖ ನೋಡಿದಳು. ಅವಳ ಕಣ್ಣು ಕೆಂಪಾಗಿತ್ತು. ಎದ್ದು ನಿಂತು, ಕೋಟು ಎಳೆದು ಸರಿಮಾಡಿಕೊಂಡು, ಯಾರೋ ಗುರುತಿಲ್ಲದ ರೋಗಿಯ ಹತ್ತಿರ ನಿಂತ ಹಾಗೆ ಶುರುಮಾಡಿದಳು. "ಹೆಣ್ಣು ಮಗು, ಐದು ವರ್ಷ. ಫಿಟ್ಸ್ ಆಗಿ ಬಂದಿದೆ, ಇಂಜೆಕ್ಷನ್ ಕೊಟ್ಟಮೇಲೆ ನಿಂತಿದೆ. ಬೆಳಿಗ್ಗೆ ಡೋಸ್ ತಾಯಿ ಕೊಟ್ಟವ್ರೆ. ಮಧ್ಯಾಹ್ನದ್ದು..." ಅಲ್ಲಿ ದನಿ ಒಡೆಯಿತು. ಮತ್ತೆ ಹೇಳಿದಳು. "ಮಧ್ಯಾಹ್ನದ್ದು ಸೋಮವಾರದಿಂದ ಯಾರೂ ಕೊಟ್ಟಿಲ್ಲ. ಬಲಗೈಲಿ ಶಕ್ತಿ ಕಮ್ಮಿ ಐತೆ. ರಾತ್ರಿ ಡೋಸ್ ಬಾಕಿ ಐತೆ."

ಹೇಳಿ, ಆ ಬಲಗೈಯನ್ನು ತನ್ನ ಎರಡೂ ಅಂಗೈಯಲ್ಲಿ ಎತ್ತಿ ನನ್ನ ಕಡೆ ಚಾಚಿದಳು.

ನಾನು ಬೆರಳು ಕೊಟ್ಟೆ. ಏನೂ ಆಗಲಿಲ್ಲ. ಕಾದೆ. ಮಗಳು ತನ್ನ ಕೈಯನ್ನೇ ನೋಡುತ್ತಿದ್ದಳು, ಅದು ಬೇರೆ ಯಾರದೋ ಎಂಬ ಹಾಗೆ. ಆಮೇಲೆ ಆ ಪುಟ್ಟ ಬೆರಳುಗಳು ಒಂದೊಂದೇ ಮಡಿಚಿಕೊಂಡು, ಬಲವಿಲ್ಲದೆ, ನನ್ನ ಬೆರಳಿನ ಸುತ್ತ ಕೂತವು.

"ತಗೊಂಡೆ," ಎಂದೆ.

ಆಮೇಲೆಯೇ ಅಕ್ಕ ಕೈ ಬಿಟ್ಟಳು.